ಅಜ್ಜಿಕತೆಗಳಲ್ಲಿ ಅಡಗಿದ ಒಲವು

ಕಳೆದ ತಿಂಗಳು ನಮ್ಮ ಕಚೇರಿಗೆ ಬಂದ ಅಂಚೆಯಲ್ಲಿ ಸಹಿಯಿಲ್ಲದ ಒಂದು ಪತ್ರವಿದ್ದಿತು. ಸಹಿಯಿಲ್ಲದ ಪತ್ರಗಳಿಗೆ ಬೆಲೆ ಕೊಡುವ ರೂಢಿ ನಮ್ಮಲ್ಲಿಲ್ಲ. ಅಂಥವು ಸಾಮಾನ್ಯವಾಗಿ ಇಂಥ ಹೋಟೆಲಿನ ಸಾಂಬಾರು ನೀರಾಯಿತೆಂದೋ, ಇಂಥ ಸಂಘದ ಜಮಾಖರ್ಚು ಸರಿಯಿಲ್ಲವೆಂದೋ ದೂರುವಂಥವಾಗಿದ್ದು, ಓದಿದ ಕೂಡಲೇ ಕಸದ ಬುಟ್ಟಿಯನ್ನು ಸೇರುವುವು. ಈ ಪತ್ರವು ಆ ಜಾತಿಯದಾಗಿರಲಿಲ್ಲ. ಬರೆದವನು ಶೇಂದ್ರಾದ ಔದ್ಯೋಗಿಕ ವಸಾಹತಿನ ಕಾರಖಾನೆಯೊಂದರಲ್ಲಿ ಗುಮಾಸ್ತನಾಗಿರುವ ತರುಣ. ನಮ್ಮ ಕರಾವಳಿಯ ಕಡೆಯವನು. ಊರಿನಲ್ಲಿ ತಾಯಿ ಹೆಣ್ಣು ನೋಡಿಟ್ಟಿದ್ದಾರೆ. ವೈಶಾಖದೊಳಗೆ ಮದುವೆ ಮುಗಿಯಲೇಬೇಕೆಂದು ಸೋದರಮಾವನ ಫೋನು ವಾರಕ್ಕೆರಡು ಸಲ ಬರುತ್ತಿದೆ. ಆದರೆ ಆತನ ಮನಸ್ಸು ಹೆಣ್ಣಿನ ಕಡೆಗೆ ಎಂದೂ ಹರಿದುದಿಲ್ಲ. ಅದು ಹರಿದದ್ದು ತನ್ನಂತೆಯೇ ಗಂಡಾದ ಗೆಳೆಯನೊಬ್ಬನ ಕಡೆಗೆ. ಇದನ್ನು ಯಾರಿಗೆ ಹೇಳಲಿ, ಹೇಗೆ ಹೇಳಲಿ ಎಂದು ಎರಡು ಪುಟ ಬರೆದು, ಕೊನೆಯಲ್ಲಿ ನಾವು ನಿರೀಕ್ಷಿಸದ ಒಂದು ಪ್ರಶ್ನೆಯನ್ನು ಹಾಕಿದ್ದಾನೆ.

ಹಳೆಯ ಪುಸ್ತಕದಂಗಡಿಯಲ್ಲಿ ‘ಆಶ್’ ಎಂಬ ಇಂಗ್ಲಿಷ್ ಕಾದಂಬರಿಯೊಂದು ಆತನಿಗೆ ಸಿಕ್ಕಿತಂತೆ. ಅಜ್ಜಿಕತೆಯೊಂದನ್ನು ಹೊಸದಾಗಿ ಹೇಳಿದ ಪುಸ್ತಕ. ಅದರಲ್ಲಿ ರಾಜಕುಮಾರನಿದ್ದಾನೆ, ಆದರೆ ನಾಯಕಿ ಅವನನ್ನು ವರಿಸುವುದಿಲ್ಲ. ಇನ್ನೊಬ್ಬ ಹೆಣ್ಣನ್ನು ಒಲಿಯುತ್ತಾಳೆ. ಅದನ್ನೋದಿ ರಾತ್ರಿಯೆಲ್ಲ ನಿದ್ರೆ ಬರಲಿಲ್ಲವೆಂದು ಬರೆದು ಕೇಳುತ್ತಾನೆ: ‘ಸಂಪಾದಕರೇ, ನಮ್ಮ ಅಜ್ಜಿ ನನಗೆ ನೂರು ಕತೆ ಹೇಳಿದ್ದಾರೆ. ಆ ನೂರರಲ್ಲಿ ನನ್ನಂಥವನು ಒಬ್ಬನೂ ಇರಲಿಲ್ಲ. ನಮ್ಮವರ ಕತೆಗಳಲ್ಲಿ ನಮಗೆ ಜಾಗವೇ ಇಲ್ಲವೋ, ಇಲ್ಲವೆ ಅಜ್ಜಿಯೇ ಬೇಕೆಂದು ಬಿಟ್ಟರೋ?’

ಗಲ್ಲಾಪೆಟ್ಟಿಗೆಯ ಮೇಲೆ, ಹತ್ತು ಜನರ ಕಣ್ಣಿಗೆ ಬೀಳುವಂತೆ ಬಿದ್ದಿರುವ ಪತ್ರಿಕೆಯಲ್ಲಿ ಇಂಥ ವಿಷಯವೇಕೆಂದು ಕೆಲವು ಹಿರಿಯ ವಾಚಕರು ಹುಬ್ಬೇರಿಸಬಹುದು. ಅವರಲ್ಲಿ ಕ್ಷಮೆ ಬೇಡಿ ಮುಂದುವರಿಯುತ್ತೇವೆ. ಪ್ರಶ್ನೆ ಕೇಳಿದವನು ನಮ್ಮವನು. ಉತ್ತರ ಕೊಡದಿರುವುದು ನಮ್ಮ ಧರ್ಮವಾಗದು.

ಮೊದಲು ಆ ಕಾದಂಬರಿಯನ್ನು ತರಿಸಿ ಓದಿದೆವು. ಬರೆದಾಕೆ ಮಲಿಂಡಾ ಲೋ ಎಂಬ ಅಮೆರಿಕೆಯ ಲೇಖಕಿ. ಚೀನದಲ್ಲಿ ಹುಟ್ಟಿ ಎಳೆತನದಲ್ಲಿಯೇ ಹೆತ್ತವರೊಡನೆ ಅಮೆರಿಕೆಗೆ ಹೋದವರು. ಪುಸ್ತಕ ಹೊರಬಂದುದು 2009ರಲ್ಲಿ. ಇದು ಸಿಂಡರೆಲ್ಲಾ ಕತೆಯ ಹೊಸ ರೂಪ. ತಂದೆತಾಯಿಗಳನ್ನು ಕಳೆದುಕೊಂಡ ಆಶ್ ಎಂಬ ಹುಡುಗಿ ಮಲತಾಯಿಯ ಮನೆಯಲ್ಲಿ ದಾಸಿಯಾಗಿ ದುಡಿಯುತ್ತಾಳೆ. ಕಾಡಿನ ಯಕ್ಷನೊಬ್ಬನು ಅವಳ ಕೋರಿಕೆಗಳನ್ನು ಈಡೇರಿಸುತ್ತಾನೆ, ಅದಕ್ಕೆ ಬೆಲೆಯಾಗಿ ಅವಳನ್ನೇ ಕೇಳುತ್ತಾನೆ. ಆದರೆ ಅವಳ ಹೃದಯವು ರಾಜನ ಬೇಟೆಯ ಮುಖ್ಯಸ್ಥಳಾದ ಕೈಸಾ ಎಂಬ ದಿಟ್ಟ ಹೆಂಗಸಿಗೆ ಸೋತಿರುತ್ತದೆ. ಕಾದಂಬರಿಯ ನಡುಭಾಗ ಸ್ವಲ್ಪ ಎಳೆದಂತಿದೆ. ಕಾಡಿನ ವರ್ಣನೆಗಳನ್ನು ಅರ್ಧಕ್ಕಿಳಿಸಬಹುದಾಗಿತ್ತೆಂದು ನಮಗೆ ತೋರಿತು. ಆದರೆ ಒಂದು ಮಾತನ್ನು ಮೆಚ್ಚಲೇಬೇಕು. ಆ ರಾಜ್ಯದಲ್ಲಿ ಹೆಣ್ಣು ಹೆಣ್ಣನ್ನು ಒಲಿಯುವುದು ಯಾರಿಗೂ ಅಚ್ಚರಿಯ ವಿಷಯವಲ್ಲ. ಯಾರೂ ಅವರನ್ನು ಬೈಯುವುದಿಲ್ಲ, ಯಾರೂ ಅವರಿಗೆ ಉಪದೇಶ ಮಾಡುವುದಿಲ್ಲ. ನಮ್ಮ ಗುಮಾಸ್ತನ ನಿದ್ರೆ ಕೆಡಿಸಿದ್ದು ಇದೇ ಇರಬೇಕು. ಈ ಲೇಖಕಿಯ ಇನ್ನೊಂದು ಕಾದಂಬರಿಗೆ 2021ರಲ್ಲಿ ಆ ದೇಶದ ನ್ಯಾಷನಲ್ ಬುಕ್ ಅವಾರ್ಡು, ತರುಣ ಓದುಗರ ಸಾಹಿತ್ಯ ವಿಭಾಗದಲ್ಲಿ, ದೊರೆಯಿತು.

ಸಿಂಡರೆಲ್ಲಾ ಪರದೇಶದವಳು, ನಮಗೇನೆಂದು ಯಾರೂ ಅನ್ನಬೇಕಾಗಿಲ್ಲ. ಕನ್ನಡದಲ್ಲಿ ಆಕೆಗೆ ಒಬ್ಬ ತಂಗಿಯಿದ್ದಾಳೆ, ಅವಳ ಹೆಸರು ಹಂಚಿ. ಮೈಸೂರಿನಲ್ಲಿ 1929ರಲ್ಲಿ ಹುಟ್ಟಿ, ಬೆಳಗಾವಿಯಲ್ಲಿ ಉಪಾಧ್ಯಾಯರಾಗಿದ್ದು, ಅನಂತರ ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಹೆಸರುವಾಸಿಯಾದ ಎ. ಕೆ. ರಾಮಾನುಜನ್ನರು ನಮ್ಮ ನಾಡಿನ ಹೆಂಗಸರು ಹೇಳಿಕೊಂಡು ಬಂದ ಕತೆಗಳನ್ನು ವರ್ಷಗಟ್ಟಲೆ ಕೂಡಿಹಾಕಿದರು. ಅವರು 1993ರಲ್ಲಿ ತೀರಿಕೊಂಡ ಮೇಲೆ, 1997ರಲ್ಲಿ, ಆ ಸಂಗ್ರಹ ಇಂಗ್ಲಿಷಿನಲ್ಲಿ ಅಚ್ಚಾಯಿತು. ಹಂಚಿಯ ಕತೆ ಅದರಲ್ಲಿದೆ. ಚಿನ್ನದ ಕೂದಲಿನ ಹುಡುಗಿ. ಆ ಕೂದಲನ್ನು ಕಂಡ ಒಡಹುಟ್ಟಿದ ಅಣ್ಣನೇ ಅವಳನ್ನು ಮದುವೆಯಾಗಬೇಕೆಂದು ಹಟ ಹಿಡಿದಾಗ, ತಾಯಿ ಹೆದರಿ, ಮಣ್ಣಿನ ಮುಖವಾಡವೊಂದನ್ನು ಮಾಡಿಸಿ ಮಗಳ ಮುಖಕ್ಕಿಟ್ಟು ಮನೆಯಿಂದ ಕಳಿಸಿಬಿಡುತ್ತಾಳೆ. ಹಂಚಿನ ಮುಖದವಳಾದುದರಿಂದ ಜನ ಅವಳನ್ನು ಹಂಚಿ ಎಂದು ಕರೆಯುತ್ತಾರೆ. ಪರಊರಿನ ಸಾಹುಕಾರನ ಮನೆಯಲ್ಲಿ ಅವಳು ಕೆಲಸಕ್ಕೆ ಸೇರುತ್ತಾಳೆ, ಅಡುಗೆಯ ಕೈಗುಣದಿಂದ ಹೆಸರು ಪಡೆಯುತ್ತಾಳೆ. ಮುಖವಾಡ ತೆಗೆದಿಟ್ಟ ಹೊತ್ತಿನಲ್ಲಿ ಮನೆಯ ಮಗನು ನೋಡಿ ಮೆಚ್ಚಿ ಮದುವೆಯಾಗುತ್ತಾನೆ. ಅವಳ ಕಷ್ಟ ಅಷ್ಟಕ್ಕೇ ಮುಗಿಯಲಿಲ್ಲವೆಂಬುದು ಬೇರೆ ಮಾತು.

ಊರುಬಿಟ್ಟು ಬಂದು, ಪರರ ಅಡುಗೆಮನೆಯಲ್ಲಿ ಹೊಗೆ ಕುಡಿದು, ಕೈಗುಣದಿಂದ ಹೆಸರು ಪಡೆದವರ ಕತೆಯೆಂದರೆ ನಮ್ಮ ವಾಚಕರಲ್ಲಿ ಅರ್ಧ ಜನರ ಕತೆಯೇ ಆಯಿತು. ಇನ್ನು ಮುಖವಾಡದ ಕತೆ ನಮ್ಮ ಪತ್ರಲೇಖಕನದು. ಅವನಿಗೂ ಅದನ್ನು ತೊಡಿಸಿದವರು ಹಗೆಗಳಲ್ಲ. ಪ್ರೀತಿಯಿಂದಲೂ ಹೆದರಿಕೆಯಿಂದಲೂ ಮನೆಯವರೇ ತೊಡಿಸಿದ್ದಾರೆ. ಆದರೆ ಹಂಚಿ ಕೊನೆಗೆ ಒಬ್ಬ ಗಂಡಸನ್ನು ಮದುವೆಯಾಗುವವಳು. ಆದಕಾರಣ ಪ್ರಶ್ನೆ ಇನ್ನೂ ಹಾಗೆಯೇ ನಿಂತಿದೆ: ಬೇರೆ ಬಗೆಯ ಒಲವಿನ ಕತೆಗಳು ಎಲ್ಲಿ ಹೋದವು?

ಕತೆಗಳು ಕಾಣೆಯಾಗುವುದೆಂದರೇನೆಂಬುದನ್ನು ತಿಳಿಯಲು ನಾವಿರುವ ಜಾಗದಿಂದ ಬಹಳ ದೂರ ಹೋಗಬೇಕಾಗಿಲ್ಲ. ಸಂಭಾಜಿನಗರದಿಂದ ದಕ್ಷಿಣಕ್ಕೆ ಸುಮಾರು 50 ಕಿಲೋಮೀಟರು ಹೋದರೆ ಗೋದಾವರಿಯ ದಂಡೆಯಲ್ಲಿ ಪೈಠಣ. ರಜೆಯ ದಿನ ನಮ್ಮವರು ಜಾಯಕವಾಡಿ ಅಣೆಕಟ್ಟು ನೋಡಿ, ಏಕನಾಥ ಮಹಾರಾಜರ ಸಮಾಧಿಗೆ ಕೈಮುಗಿದು ಬರುವ ಊರು. ಇದೇ ಹಿಂದಿನ ಪ್ರತಿಷ್ಠಾನ, ಸಾತವಾಹನರ ರಾಜಧಾನಿ. ಕಾಶ್ಮೀರದ ಸೋಮದೇವನು 11ನೆಯ ಶತಮಾನದಲ್ಲಿ ಬರೆದ ‘ಕಥಾಸರಿತ್ಸಾಗರ’ದಲ್ಲಿ ಈ ಊರಿನ ಗುಣಾಢ್ಯನ ಐತಿಹ್ಯವಿದೆ. ಪಣದಲ್ಲಿ ಸೋತು ಸಂಸ್ಕೃತ, ಪ್ರಾಕೃತ, ದೇಶಭಾಷೆ ಮೂರನ್ನೂ ಬಿಟ್ಟ ಗುಣಾಢ್ಯನು ಕಾಡು ಸೇರಿ, ಪೈಶಾಚೀ ಭಾಷೆಯಲ್ಲಿ 7 ಲಕ್ಷ ಶ್ಲೋಕಗಳ ‘ಬೃಹತ್ಕಥೆ’ಯನ್ನು ತನ್ನ ರಕ್ತದಿಂದಲೇ ಬರೆದನು. ಸಾತವಾಹನ ರಾಜನು ಅದನ್ನು ಪಿಶಾಚಿಗಳ ಭಾಷೆಯೆಂದು ಹೀಗಳೆದು ಹಿಂದಕ್ಕೆ ಕಳಿಸಿದನು. ಮನನೊಂದ ಕವಿಯು ಬೆಟ್ಟದ ಮೇಲೆ ಬೆಂಕಿ ಹಾಕಿ, ಒಂದೊಂದೇ ಹಾಳೆಯನ್ನು ಕಾಡಿನ ಪ್ರಾಣಿಗಳಿಗೆ ಓದಿ ಹೇಳಿ ಉರಿಗೆ ಎಸೆಯತೊಡಗಿದನು. ಪ್ರಾಣಿಗಳು ಮೇವು ಬಿಟ್ಟು, ಕಣ್ಣೀರು ಸುರಿಸುತ್ತ ಕೇಳುತ್ತ ನಿಂತವು.

ಮುಂದಿನದನ್ನು ಅಡುಗೆಯ ಭಟ್ಟರು ಗಮನಿಸಿ ಕೇಳಬೇಕು. ಇತ್ತ ಅರಮನೆಯಲ್ಲಿ ರಾಜನಿಗೆ ಕಾಯಿಲೆಯಾಯಿತು. ಒಣಗಿದ, ಸಾರವಿಲ್ಲದ ಮಾಂಸವೇ ಇದಕ್ಕೆ ಕಾರಣವೆಂದು ವೈದ್ಯರು ಹೇಳಿದರು. ಅಡುಗೆಯವರನ್ನು ಕರೆದು ಗದರಿಸಿದರೆ, ಅವರು ಬೇಟೆಗಾರರ ಮೇಲೆ ಹಾಕಿದರು. (ಅಡುಗೆಮನೆಯಲ್ಲಿ ತಪ್ಪು ಯಾವಾಗಲೂ ಸಾಮಾನು ತಂದವನದೇ, ಸಾತವಾಹನರ ಕಾಲದಿಂದಲೂ ಹಾಗೆಯೇ ಎಂದಾಯಿತು.) ಬೇಟೆಗಾರರು ಬಂದು, ಕಾಡಿನಲ್ಲಿ ಒಬ್ಬನು ಕತೆಯೋದಿ ಸುಡುತ್ತಿದ್ದಾನೆ, ಪ್ರಾಣಿಗಳು ಮೇಯುವುದನ್ನೇ ಬಿಟ್ಟಿವೆ ಎಂದರು. ರಾಜನು ಓಡಿಹೋಗಿ ತಡೆಯುವಷ್ಟರಲ್ಲಿ 6 ಲಕ್ಷ ಶ್ಲೋಕಗಳು ಬೂದಿಯಾಗಿದ್ದವು. ಉಳಿದದ್ದು ಒಂದು ಲಕ್ಷ. ಆ ಮೂಲಗ್ರಂಥವೂ ಇಂದು ಉಳಿದಿಲ್ಲ. ನಮ್ಮ ಗಂಗರ ದೊರೆ ದುರ್ವಿನೀತನು ಅದನ್ನು ಸಂಸ್ಕೃತಕ್ಕೆ ತಂದನೆಂದು ಶಾಸನಗಳು ಹೇಳುತ್ತವೆ, ಅದೂ ನಮಗೆ ದಕ್ಕಿಲ್ಲ. ಸುಟ್ಟುಹೋದ ಆ ಆರು ಲಕ್ಷದಲ್ಲಿ ಎಂತೆಂಥ ಒಲವುಗಳಿದ್ದುವೋ. ದೊಡ್ಡವರಿಗೆ ಹೀನವೆಂದು ಕಂಡ ಕತೆಗಳು ಹೇಗೆ ಹಾಳಾಗುತ್ತವೆಂಬುದಕ್ಕೆ ಮಾತ್ರ ಇದಕ್ಕಿಂತ ಸ್ಪಷ್ಟವಾದ ದೃಷ್ಟಾಂತ ಬೇಕಿಲ್ಲ.

ಆದರೂ ಒಂದೆರಡು ಉಳಿದುಕೊಂಡಿವೆ. ರಾಜಸ್ಥಾನದ ಜೋಧಪುರ ಜಿಲ್ಲೆಯ ಬೋರುಂದಾ ಎಂಬ ಹಳ್ಳಿಯಲ್ಲಿ ವಿಜಯದಾನ ದೇಥಾ ಎಂಬ ಮಹಾಶಯರಿದ್ದರು. ಹುಟ್ಟಿದ್ದು 1926ರಲ್ಲಿ, ತೀರಿಕೊಂಡದ್ದು 2013ರಲ್ಲಿ. ಹಳ್ಳಿಯ ಬಾಯಿಗಳಲ್ಲಿದ್ದ ಕತೆಗಳನ್ನು ಕೇಳಿ, ತಮ್ಮದೇ ಧಾಟಿಯಲ್ಲಿ ರಾಜಸ್ಥಾನಿಯಲ್ಲಿ ಬರೆದು, ‘ಬಾತಾಂ ರೀ ಫುಲವಾಡಿ’ ಎಂಬ ಹೆಸರಿನಲ್ಲಿ 14 ಸಂಪುಟಗಳನ್ನು ಹೊರತಂದವರು. 1974ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಅವರಿಗೆ ಬಂದಿತು. ಶಾರುಖ್ ಖಾನರ ‘ಪಹೇಲಿ’ ಚಿತ್ರವನ್ನು ನೋಡಿದವರಿಗೆ ಅವರ ಕತೆಯೊಂದು ಗೊತ್ತೇ ಇದೆ. ಅವರದೇ ಇನ್ನೊಂದು ಕತೆ, ಹಿಂದಿಯಲ್ಲಿ ‘ದೋಹರೀ ಜಿಂದಗೀ’, ಎಂದರೆ ಇಮ್ಮಡಿ ಬದುಕು.

ಇಬ್ಬರು ಸಾಹುಕಾರ ಗೆಳೆಯರು. ಹುಟ್ಟಲಿರುವ ಮಕ್ಕಳಿಗೆ ಹುಟ್ಟುವ ಮೊದಲೇ ಮದುವೆ ಗೊತ್ತುಮಾಡಿಕೊಳ್ಳುತ್ತಾರೆ. ಹುಟ್ಟಿದ್ದು ಎರಡೂ ಹೆಣ್ಣು. ಒಬ್ಬ ಸಾಹುಕಾರನು ವರದಕ್ಷಿಣೆಯ ಆಸೆಗೆ ಬಿದ್ದು, ತನಗೆ ಗಂಡು ಹುಟ್ಟಿತೆಂದು ಸಾರಿ, ಮಗಳು ಬೀಜಾಳನ್ನು ಗಂಡುಡುಪಿನಲ್ಲಿಯೇ ಬೆಳೆಸುತ್ತಾನೆ. ದಿಬ್ಬಣ ಹೊರಡುತ್ತದೆ, ಮದುವೆಯಾಗುತ್ತದೆ. ಮೊದಲ ರಾತ್ರಿ ವಧು ತೀಜಾಳಿಗೂ ಬೀಜಾಳಿಗೂ ನಿಜ ತಿಳಿಯುತ್ತದೆ. ಅಳಬೇಕಾದ ಕಡೆ ಅವರಿಬ್ಬರೂ ಒಬ್ಬರನ್ನೊಬ್ಬರು ಒಲಿದುಬಿಡುತ್ತಾರೆ. ಗಂಡುಡುಪನ್ನು ಕಳಚಿಟ್ಟು, ಹೆಣ್ಣಾಗಿಯೇ ಇಬ್ಬರೂ ಕೂಡಿ ಬಾಳುತ್ತೇವೆಂದಾಗ ಊರು ಕೆಂಡವಾಗುತ್ತದೆ. ಊರುಬಿಟ್ಟು ಓಡಿದ ಹುಡುಗಿಯರಿಗೆ ಆಸರೆ ಕೊಟ್ಟವರು ಮನುಷ್ಯರಲ್ಲ, ಭೂತಗಳು! ಭೂತಗಳ ನಾಯಕನು ಅವರನ್ನು ಮಕ್ಕಳಂತೆ ಕಂಡು ಮನೆ ಮಾಡಿಕೊಡುತ್ತಾನೆ.

ಇಲ್ಲಿಗೆ ನಿಲ್ಲಿಸಿದ್ದರೆ ಇದೊಂದು ಸೊಗಸಾದ ಅಜ್ಜಿಕತೆ. ಮುಂದೆ ಹೋದುದರಿಂದ ದೊಡ್ಡ ಕತೆಯಾಯಿತು. ಲೋಕದ ಬಾಯಿಗೆ ಹೆದರಿ, ಬೀಜಾ ಭೂತನ ವರದಿಂದ ನಿಜವಾಗಿಯೂ ಗಂಡಾಗುತ್ತಾಳೆ. ಗಂಡಾದೊಡನೆ ಅವಳಿಗೆ ದರ್ಪ ಬರುತ್ತದೆ. ತೀಜಾಳು ತನ್ನ ಸೊತ್ತೆಂಬ ಭಾವ ಬರುತ್ತದೆ. ನಿನ್ನೆಯವರೆಗೆ ಸಮಸಮವಾಗಿದ್ದ ಒಲವಿನಲ್ಲಿ ಒಡೆತನ ಹೊಕ್ಕುಕೊಳ್ಳುತ್ತದೆ. ಕೊನೆಗೆ ತನಗೆ ತಾನೇ ನಾಚಿ, ಗಂಡುತನ ಬೇಡವೆಂದು ಮತ್ತೆ ಹೆಣ್ಣಾಗಿ, ಇಬ್ಬರೂ ಮೊದಲಿನಂತೆ ಸುಖವಾಗಿರುತ್ತಾರೆ. ‘ಆಶ್’ಗಿಂತ ಇದು ಮೇಲಿನ ಕೃತಿಯೆಂದು ನಾವು ಸಂಕೋಚವಿಲ್ಲದೆ ಹೇಳುತ್ತೇವೆ. ಅಲ್ಲಿ ಒಲವಷ್ಟೇ ಇದೆ. ಇಲ್ಲಿ ಗಂಡ ಹೆಂಡಿರಾದ ನಮ್ಮೆಲ್ಲರ ಮುಖಕ್ಕೂ ಕನ್ನಡಿ ಹಿಡಿದಿದೆ.

ಯುರೋಪಿನಲ್ಲಿ ಇಂಥದನ್ನು ಬಾಯಿಬಿಟ್ಟು ಹೇಳಲಾಗದ ಕಾಲವೊಂದಿದ್ದಿತು. ಡೆನ್ಮಾರ್ಕಿನ ಹ್ಯಾನ್ಸ್ ಕ್ರಿಶ್ಚಿಯನ್ ಆಂಡರ್ಸನನು ಚಮ್ಮಾರನ ಮಗ, 1805ರಲ್ಲಿ ಹುಟ್ಟಿದವನು. ತನ್ನ ಪೋಷಕನ ಮಗನಾದ ಎಡ್ವರ್ಡ್ ಕೊಲಿನನನ್ನು ಅವನು ಹುಚ್ಚಾಗಿ ಹಚ್ಚಿಕೊಂಡಿದ್ದನು. ಅವನಿಗೆ ಬರೆದ ಪತ್ರಗಳು ಉಳಿದಿವೆ. ಕೊಲಿನನಿಗೆ ಆ ಒಲವನ್ನು ಹಿಂದಿರುಗಿಸಲಾಗಲಿಲ್ಲ. 1836ರಲ್ಲಿ ಅವನಿಗೆ ಮದುವೆಯಾಯಿತು. ಮರುವರ್ಷ, 1837ರಲ್ಲಿ, ಆಂಡರ್ಸನನ ‘ಪುಟ್ಟ ಮತ್ಸ್ಯಕನ್ಯೆ’ ಪ್ರಕಟವಾಯಿತು. ರಾಜಕುಮಾರನನ್ನು ಸೇರುವುದಕ್ಕೆಂದು ನಾಲಿಗೆಯನ್ನೇ ಕೊಟ್ಟು ಮೂಕಿಯಾದವಳ ಕತೆ. ನೆಲದ ಮೇಲೆ ಅವಳಿಟ್ಟ ಒಂದೊಂದು ಹೆಜ್ಜೆಯೂ ಕತ್ತಿಯ ಅಲಗಿನ ಮೇಲಿಟ್ಟಂತೆ ನೋಯುತ್ತದೆ; ಆದರೂ ರಾಜಕುಮಾರನ ಮುಂದೆ ಅವಳು ನಗುತ್ತ ಕುಣಿಯುತ್ತಾಳೆ. ಅವನು ಇನ್ನೊಬ್ಬಳನ್ನು ಮದುವೆಯಾಗುತ್ತಾನೆ, ಆ ಮದುವೆಯ ಹಡಗಿನಲ್ಲಿ ಇವಳೂ ಇರುತ್ತಾಳೆ. ಎರಡನ್ನೂ ಒಟ್ಟಿಗಿಟ್ಟು ಓದಿದವರು ಯಾರ ನೋವು ಯಾರ ಬಾಯಿಂದ ಬಂದಿತೆಂಬುದನ್ನು ಊಹಿಸಿದ್ದಾರೆ.

ಈಗ ಕನ್ನಡಕ್ಕೆ ಬರೋಣ. ಬಳ್ಳಾರಿ ಸೀಮೆಯ ಸಂಡೂರಿನಲ್ಲಿ 1969ರಲ್ಲಿ ಹುಟ್ಟಿ, ಬಹುಕಾಲ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಉದ್ಯೋಗದಲ್ಲಿದ್ದ ವಸುಧೇಂದ್ರರು 2013ರಲ್ಲಿ ‘ಮೋಹನಸ್ವಾಮಿ’ ಎಂಬ ಕಥಾಸಂಕಲನವನ್ನು ಪ್ರಕಟಿಸಿದರು. ಈ ವಸ್ತುವಿನ ಮೊದಲ ಕತೆಯನ್ನು ಅವರು ಬೇರೊಂದು ಹೆಸರಿನಲ್ಲಿ ಅಚ್ಚು ಹಾಕಿಸಿದ್ದರು. ಸಂಕಲನಕ್ಕೆ ಮಾತ್ರ ತಮ್ಮ ಹೆಸರನ್ನೇ ಕೊಟ್ಟು, ತಾವೂ ಅಂಥವರೇ ಎಂಬುದನ್ನು ಮರೆಮಾಚದೆ ಹೇಳಿದರು. ಮೋಹನಸ್ವಾಮಿ ಸಣ್ಣ ಊರಿನ ಸಾಮಾನ್ಯ ಮನೆತನದ ಹುಡುಗ. ದೇವರು ದಿಂಡರು ಎಂದು ಬೆಳೆದವನು. ಜೊತೆಯಲ್ಲಿದ್ದ ಕಾರ್ತೀಕನು ಅವನನ್ನು ಬಿಟ್ಟು ಹುಡುಗಿಯೊಬ್ಬಳನ್ನು ಮದುವೆಯಾಗಲು ಹೊರಡುತ್ತಾನೆ. ಮತ್ಸ್ಯಕನ್ಯೆಯ ಕತೆಯೇ ಅಲ್ಲವೇ ಇದು? ಆದರೆ ಇಲ್ಲಿ ನಾಲಿಗೆ ಕೊಟ್ಟುಬಿಟ್ಟವರು ಯಾರೂ ಇಲ್ಲ. ಸಂಕಲನದ ಕೊನೆಯಲ್ಲಿ ಮೋಹನಸ್ವಾಮಿ ಆಫ್ರಿಕದ ಕಿಲಿಮಂಜಾರೋ ಪರ್ವತವನ್ನು ಹತ್ತುತ್ತಾನೆ. ಪತ್ರ ಬರೆದ ತರುಣನು ಅದನ್ನು ತಪ್ಪದೆ ಓದಬೇಕು. ಪುಸ್ತಕ ಹೊರಬಿದ್ದ ಮೇಲೆ ಸಣ್ಣ ಊರುಗಳಿಂದ ಎಷ್ಟೋ ತರುಣರು ತಮ್ಮ ಕಷ್ಟ ಹೇಳಿಕೊಳ್ಳಲು ಲೇಖಕರನ್ನು ಹುಡುಕಿಕೊಂಡು ಬಂದರು. ಇದರ ಇಂಗ್ಲಿಷ್ ಅನುವಾದ 2016ರಲ್ಲಿ ಬಂದಿತು.

ನಮ್ಮ ನೆರೆಯ ಮರಾಠಿಯವರು ಈ ದಾರಿಯಲ್ಲಿ ನಮಗಿಂತ ಮೊದಲೇ ನಡೆದವರು. ವಿಜಯ ತೆಂಡೂಲಕರರ ‘ಮಿತ್ರಾಚೀ ಗೋಷ್ಟ’ ನಾಟಕ 1981ರಷ್ಟು ಹಿಂದಿನದು. ಸಚಿನ ಕುಂಡಲಕರರ ‘ಕೋಬಾಲ್ಟ್ ಬ್ಲೂ’ 2006ರ ಕಾದಂಬರಿ. ಮನೆಯಲ್ಲಿ ಬಾಡಿಗೆಗಿದ್ದ ತರುಣನೊಬ್ಬನನ್ನು ಅಣ್ಣ ತಂಗಿ ಇಬ್ಬರೂ ಪ್ರೀತಿಸಿ ಇಬ್ಬರೂ ಕಳೆದುಕೊಳ್ಳುವ ಕತೆ. ಇಲ್ಲಿ ಹತ್ತು ವರ್ಷವಿದ್ದು ಮರಾಠಿಯಲ್ಲಿ ಗಿರಾಕಿಗಳೊಡನೆ ಮಾತನಾಡುವ ನಮ್ಮವರಿಗೆ ಇದನ್ನೋದುವುದು ಕಷ್ಟವಲ್ಲ.

ಕಾನೂನಿನ ಮಾತನ್ನು ಸಂಕ್ಷೇಪವಾಗಿ ಹೇಳಿಬಿಡುತ್ತೇವೆ, ಏಕೆಂದರೆ ಪತ್ರದಲ್ಲಿ ಪೋಲೀಸರ ಭಯವೂ ಇಣುಕುತ್ತಿದೆ. ಬ್ರಿಟಿಷರು 1860ರಲ್ಲಿ ಮಾಡಿದ ದಂಡ ಸಂಹಿತೆಯ 377ನೆಯ ಕಲಮು ಇಂಥವರನ್ನು ಅಪರಾಧಿಗಳನ್ನಾಗಿ ಮಾಡಿತ್ತು. ದೆಹಲಿ ಉಚ್ಚ ನ್ಯಾಯಾಲಯ 2009ರಲ್ಲಿ ಅದನ್ನು ಸಡಿಲಿಸಿತು. ‘ಮೋಹನಸ್ವಾಮಿ’ ಬಂದ 2013ರಲ್ಲಿಯೇ, ಡಿಸೆಂಬರ್ 11ರಂದು, ಸುಪ್ರೀಂ ಕೋರ್ಟು ಮತ್ತೆ ಬಿಗಿಮಾಡಿತು. ಕೊನೆಗೆ 2018ರ ಸೆಪ್ಟೆಂಬರ್ 6ರಂದು ಐವರು ನ್ಯಾಯಾಧೀಶರ ಪೀಠವು, ಪ್ರಾಯಕ್ಕೆ ಬಂದವರು ಪರಸ್ಪರ ಒಪ್ಪಿ ಒಲಿಯುವುದು ಅಪರಾಧವಲ್ಲವೆಂದು ಏಕಕಂಠದಿಂದ ತೀರ್ಪಿತ್ತಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಹೊಸ ನ್ಯಾಯ ಸಂಹಿತೆಯಲ್ಲಿ ಆ ಕಲಮೇ ಇಲ್ಲ. ಮದುವೆಯ ಹಕ್ಕನ್ನು ಮಾತ್ರ 2023ರ ಅಕ್ಟೋಬರ್ 17ರ ತೀರ್ಪಿನಲ್ಲಿ ನ್ಯಾಯಾಲಯವು ಕೊಡಲಿಲ್ಲ, ಅದು ಶಾಸನಸಭೆಗೆ ಬಿಟ್ಟ ವಿಷಯವೆಂದಿತು. ಆದುದರಿಂದ ಪೋಲೀಸರ ಭಯ ಬೇಡ. ಸೋದರಮಾವನ ಭಯಕ್ಕೆ ಕೋರ್ಟಿನಲ್ಲಿ ಮದ್ದಿಲ್ಲ.

ಆ ಭಯದ ವಿಷಯದಲ್ಲಿ ನಾವು ಯಾರೂ ಕೈತೊಳೆದುಕೊಳ್ಳುವಂತಿಲ್ಲ. ಊರಿಗೆ ಹೋದಾಗ ರಾತ್ರಿಯಿಡೀ ಯಕ್ಷಗಾನಕ್ಕೆ ಕುಳಿತು, ಮೋಹಿನಿಯಾಗಿ ರಂಗಕ್ಕೆ ಬಂದ ಸ್ತ್ರೀವೇಷದ ಕಲಾವಿದನ ಕಣ್ಣೋಟಕ್ಕೆ ಬೆರಗಾಗುವವರು ನಾವೇ. ಬೆಳಗಾದ ಮೇಲೆ ಅವನ ನಡಿಗೆಯನ್ನು ಅಣಕಿಸಿ ನಗುವವರೂ ನಾವೇ. ಇಲ್ಲಿ ಈ ಲೇಖಕನು ‘ನಾವು’ ಎಂಬ ಸಂಪಾದಕೀಯ ಬಹುವಚನವನ್ನು ಬಿಟ್ಟು ಒಂದು ಮಾತು ಹೇಳಬೇಕಾಗಿದೆ. ನಾನು ಹೋಟೆಲು ನಡೆಸುತ್ತಿದ್ದಾಗ, ದೋಸೆ ಕಾವಲಿಯ ಮೇಲೆ ನಿಲ್ಲುತ್ತಿದ್ದ ಒಬ್ಬನಿಗೂ ಒಬ್ಬ ಸಪ್ಲಾಯರನಿಗೂ ಬಹಳ ಗಳಸ್ಯಕಂಠಸ್ಯವಿತ್ತು. ಒಬ್ಬನಿಗೆ ಜ್ವರ ಬಂದರೆ ಇನ್ನೊಬ್ಬನು ಎರಡೂ ಪಾಳಿ ದುಡಿಯುತ್ತಿದ್ದನು. ಮಲಗುವ ಕೋಣೆಯಲ್ಲಿ ಉಳಿದ ಹುಡುಗರ ನಗೆಚಾಟಿಕೆ ಹೆಚ್ಚಾಯಿತು. ಒಂದು ಸಂಜೆ ಭಟ್ಟರು ಬಂದು, ‘ಧಣಿ, ಇದು ಮರ್ಯಾದೆಯ ಪ್ರಶ್ನೆ’ ಎಂದರು. ನಾನು ಆ ಇಬ್ಬರನ್ನೂ ಒಂದು ಮಾತು ಕೇಳಲಿಲ್ಲ. ಸಪ್ಲಾಯರನ ಲೆಕ್ಕ ಚುಕ್ತಾ ಮಾಡಿ, ಮೇಲೆ ನೂರು ರೂಪಾಯಿ ಕೊಟ್ಟು, ಮುಂಬಯಿಯ ರೈಲು ಹತ್ತಿಸಿದೆ. ಆ ನೂರು ರೂಪಾಯಿ ಕೊಟ್ಟದ್ದನ್ನು ಔದಾರ್ಯವೆಂದು ಬಹುಕಾಲ ತಿಳಿದಿದ್ದೆ. ದೋಸೆಯವನು ಅದೇ ತಿಂಗಳ ಕೊನೆಯಲ್ಲಿ ಹೇಳದೆ ಕೇಳದೆ ಹೊರಟುಹೋದನು. ಅಷ್ಟು ಹದವಾಗಿ ಕಾವಲಿ ಕಾಯಿಸುವವನು ನನಗೆ ಮತ್ತೆ ಸಿಗಲಿಲ್ಲ ಎಂದು ಆಗ ಮರುಗಿದ್ದೆನೇ ಹೊರತು, ಅವನ ಸಲುವಾಗಿ ಅಲ್ಲ.

ರಾಮಾನುಜನ್ನರ ಸಂಗ್ರಹದಲ್ಲಿ ಇನ್ನೊಂದು ಕತೆಯಿದೆ. ಕಾರ್ನಾಡರ ‘ನಾಗಮಂಡಲ’ ನಾಟಕವನ್ನು ಬಲ್ಲವರಿಗೆ ಪರಿಚಿತವಾದುದು. ಒಬ್ಬ ಹೆಂಗಸಿಗೆ ಒಂದು ಕತೆಯೂ ಒಂದು ಹಾಡೂ ಬರುತ್ತಿದ್ದವು. ಅವಳು ಯಾರಿಗೂ ಅದನ್ನು ಹೇಳಲಿಲ್ಲ, ಹಾಡಲಿಲ್ಲ. ಒಳಗಿದ್ದು ಉಸಿರುಗಟ್ಟಿದ ಅವೆರಡೂ, ಅವಳು ಬಾಯ್ತೆರೆದು ಮಲಗಿದ್ದಾಗ ಹೊರಬಿದ್ದು, ಕತೆ ಒಂದು ಜೊತೆ ಜೋಡಾಗಿ ಬಾಗಿಲಲ್ಲಿ ಕುಳಿತಿತು, ಹಾಡು ಗಂಡಸಿನ ಅಂಗಿಯಾಗಿ ಗೂಟಕ್ಕೆ ನೇತುಬಿದ್ದಿತು. ಮನೆಗೆ ಬಂದ ಗಂಡನು ‘ಯಾರು ಬಂದಿದ್ದರು?’ ಎಂದು ಕೇಳಿದನು. ಅವಳಿಗೆ ಏನೂ ತಿಳಿಯದು. ಜಗಳವಾಡಿ ಅವನು ಹನುಮಂತನ ಗುಡಿಯಲ್ಲಿ ಹೋಗಿ ಮಲಗಿದನು. ಊರಿನ ದೀಪಗಳು ರಾತ್ರಿ ಆರಿಸಿದ ಮೇಲೆ ಗುಡಿಗೆ ಬಂದು ಹರಟುತ್ತವಂತೆ. ಆ ಹರಟೆಯಿಂದ ಅವನಿಗೆ ನಿಜ ತಿಳಿಯಿತು. ಹಿಂದಿರುಗಿ ಬಂದು ಹೆಂಡತಿಯನ್ನು ಆ ಕತೆ ಯಾವುದು, ಆ ಹಾಡು ಯಾವುದು ಎಂದು ಕೇಳಿದರೆ, ಅವಳಿಗೆ ಎರಡೂ ಮರೆತುಹೋಗಿದ್ದವು.

ನಿನ್ನ ಅಜ್ಜಿ ಬೇಕೆಂದು ಬಿಟ್ಟರೋ, ಅವರಿಗೆ ಹೇಳಿದವರೇ ಮರೆತಿದ್ದರೋ, ನಾವು ಹೇಗೆ ಹೇಳೋಣ, ತಮ್ಮಾ? ಊರಿನ ಆ ಹುಡುಗಿಯ ವಿಷಯದಲ್ಲಿ ಮಾತ್ರ ಒಂದು ಮಾತು: ಅವಳು ಈ ಲೆಕ್ಕದಲ್ಲಿ ಸೇರದವಳು, ಏನೂ ತಿಳಿಯದವಳು. ಮದುವೆಗೆ ಒಪ್ಪಿ, ಆಮೇಲೆ ಅವಳ ಮನೆಯ ಗೂಟಕ್ಕೆ ಇನ್ನೊಬ್ಬನ ಅಂಗಿಯನ್ನು ನೇತುಹಾಕಬೇಡ. ತಾಯಿಗೆ ಹೇಳುವ ಧೈರ್ಯ ಇಂದೇ ಬಾರದಿದ್ದರೆ, ವೈಶಾಖವನ್ನು ಮುಂದಕ್ಕೆ ಹಾಕುವಷ್ಟಾದರೂ ಮಾತನಾಡು.

‘ಮೋಹನಸ್ವಾಮಿ’ಯ ಎರಡು ಪ್ರತಿಗಳನ್ನೂ, ದೇಥಾ ಅವರ ಹಿಂದೀ ಕತೆಗಳ ಒಂದು ಪ್ರತಿಯನ್ನೂ ತರಿಸಿ ನಮ್ಮ ಕಚೇರಿಯ ವಾಚನಾಲಯದ ಕಪಾಟಿನಲ್ಲಿ, ಕೆಳಗಿನ ಸಾಲಿನಲ್ಲಿ, ಖಾಕಿ ಕಾಗದದ ಹೊದಿಕೆ ಹಾಕಿ ಇಟ್ಟಿದ್ದೇವೆ. ಒಯ್ಯುವವರು ಪುಸ್ತಕದಲ್ಲಿ ಹೆಸರು ಬರೆಯಬೇಕಾಗಿಲ್ಲ. ಓದಿ ತಂದಿಟ್ಟರೆ ಸಾಕು. ಹೋಟೆಲುಗಳ ಪಾಳಿ ಮುಗಿಯುವುದು ತಡವಾಗುವುದರಿಂದ ಕಚೇರಿಯ ಬಾಗಿಲು ರಾತ್ರಿ ಹನ್ನೊಂದರವರೆಗೆ ತೆರೆದಿರುತ್ತದೆ. ಕಳೆದ ಗುರುವಾರ ಬೆಳಗ್ಗೆ ನೋಡಿದಾಗ ‘ಮೋಹನಸ್ವಾಮಿ’ಯ ಒಂದು ಪ್ರತಿ ಕಪಾಟಿನಲ್ಲಿ ಇರಲಿಲ್ಲ.